ಬೆಂಚಿನ ಕೊನೆಯ ಕಾರ್ಡುಗಳು

ಮಾರಿಯೋ ಮೆಂಡೋಜಾ ಎಂಬ ಹೆಸರನ್ನು ಅವನು ಮೊದಲು ಓದಿದ್ದು ಒಂದು ರಟ್ಟಿನ ಕಾರ್ಡಿನ ಮೇಲೆ. ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಪೆನ್ಸಿಲ್ವೇನಿಯಾದ ವಿಶ್ವವಿದ್ಯಾಲಯವೊಂದಕ್ಕೆ ಓದಲು ಹೋಗಿದ್ದ ಅವನಿಗೆ ಬೇಸ್‌ಬಾಲ್ ಇನ್ನೂ ಅರ್ಥವಾಗದ ಆಟ. ಎಲ್ಲಿ ಶುರು, ಎಲ್ಲಿ ಮುಗಿಯಿತು ಎನ್ನುವುದೇ ತಿಳಿಯುತ್ತಿರಲಿಲ್ಲ. ರೂಮಿನ ಗೆಳೆಯ ಅದನ್ನು ಕಲಿಸಿದ್ದು ಅಡುಗೆಮನೆಯ ಮೇಜಿನ ಮೇಲೆ, ಮೂರು ದಾಳ ಮತ್ತು ಒಂದು ಪೆಟ್ಟಿಗೆ ಕಾರ್ಡುಗಳನ್ನಿಟ್ಟುಕೊಂಡು. ಆಟದ ಹೆಸರು ಸ್ಟ್ರ್ಯಾಟ್-ಓ-ಮ್ಯಾಟಿಕ್.

ಪೆಟ್ಟಿಗೆಯಲ್ಲಿ ಒಂದೊಂದು ತಂಡಕ್ಕೂ ಒಂದು ರಬ್ಬರ್ ಬ್ಯಾಂಡ್. ಗೆಳೆಯ ಜೋಡಿಸಿಟ್ಟ ಕ್ರಮದಲ್ಲಿ ಮೇಲೆ ಎಂಟೊಂಬತ್ತು ಮಂದಿ ಖಾಯಂ ಆಟಗಾರರು, ಅವರ ಕೆಳಗೆ ಚೆಂಡೆಸೆಯುವ ಪಿಚರ್‌ಗಳು, ಎಲ್ಲರಿಗಿಂತ ಕೆಳಗೆ ಬೆಂಚಿನವರು. ಹೊಸಬನಿಗೆ ಅವನು ಕೊಟ್ಟದ್ದು 1979ರ ಸಿಯಾಟಲ್ ಮೆರಿನರ್ಸ್ ತಂಡ. ಆ ವರ್ಷ ಸೋತದ್ದೇ ಹೆಚ್ಚು. ಅದರ ಶಾರ್ಟ್‌ಸ್ಟಾಪ್, ಅಂದರೆ ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್, ಮೆಂಡೋಜಾ ಆ ವರ್ಷ 148 ಪಂದ್ಯ ಆಡಿದ್ದ. ಸರಾಸರಿ .198. ಅಂದರೆ ಸಾವಿರ ಬಾರಿ ಬ್ಯಾಟ್ ಹಿಡಿದರೆ 198 ಹಿಟ್, ನೂರಕ್ಕೆ ಇಪ್ಪತ್ತೂ ಇಲ್ಲ. ಸಾಧಾರಣ ಆಟಗಾರ ನೂರಕ್ಕೆ ಇಪ್ಪತ್ತೈದು, ಒಳ್ಳೆಯವನು ಮೂವತ್ತು ಹೊಡೆಯುವ ಆಟದಲ್ಲಿ ಈ ಸಂಖ್ಯೆ ಎದ್ದು ಕಾಣುತ್ತದೆ. ಕಾರ್ಡಿನ ಮೂರು ಕಾಲಂಗಳಲ್ಲಿ ಔಟ್ ಸಾಲುಗಳದ್ದೇ ರಾಜ್ಯ. ನಡುನಡುವೆ ಒಂದೊಂದು ಸಿಂಗಲ್, ಅದೂ ದಾಳದ ಮೇಲೆ ಅಪರೂಪಕ್ಕೆ ಬೀಳುವ ಮೊತ್ತಗಳ ಎದುರಿಗೆ.

ಅಮೆರಿಕದ ಬೇಸ್‌ಬಾಲಿನಲ್ಲಿ ಮೆಂಡೋಜಾ ಹೆಸರು ಒಂದು ಗೆರೆಯಾಗಿ ಉಳಿದಿದೆ. .200 ಸರಾಸರಿಗೆ ಮೆಂಡೋಜಾ ಗೆರೆ ಎನ್ನುತ್ತಾರೆ. ಅದನ್ನು ತಮಾಷೆಗೆ ಹುಟ್ಟುಹಾಕಿದವರು ಸಿಯಾಟಲ್ ತಂಡದ ಸಹ ಆಟಗಾರರಾದ ಟಾಮ್ ಪಚೋರೆಕ್ ಮತ್ತು ಬ್ರೂಸ್ ಬಾಕ್ಟಿ. 1980ರಲ್ಲಿ .390 ಸರಾಸರಿಯಲ್ಲಿ ಹೊಡೆದ ಜಾರ್ಜ್ ಬ್ರೆಟ್, ಭಾನುವಾರದ ಪತ್ರಿಕೆ ಬಂದರೆ ಆ ಗೆರೆಯ ಕೆಳಗೆ ಯಾರಿದ್ದಾರೆಂದು ಮೊದಲು ನೋಡುತ್ತೇನೆ ಎಂದ. ಮಾತು ಟಿವಿಯವರ ಬಾಯಿಗೆ ಬಿತ್ತು, ಅಲ್ಲಿಂದ ದೇಶವೆಲ್ಲ ಹರಡಿತು. ಮೆಂಡೋಜಾನ ಒಟ್ಟು ಸರಾಸರಿ .215, ಆ ಗೆರೆಗಿಂತ ಮೇಲೆಯೇ ಇದೆ. ತಮಾಷೆ ಹುಟ್ಟಿದ ಮರುವರ್ಷವೇ ಅವನು .245 ಹೊಡೆದ. ಮೆಕ್ಸಿಕೋದಲ್ಲಿ ಅವನ ಕೈಗಳಿಗೆ ರೇಷ್ಮೆಯ ಕೈಗಳು ಎಂಬ ಹೆಸರಿತ್ತು; ಆ ದೇಶದ ಬೇಸ್‌ಬಾಲ್ ಕೀರ್ತಿಮಂದಿರದಲ್ಲಿ ಅವನಿಗೆ ಸ್ಥಾನವೂ ಸಿಕ್ಕಿತು. ಸೀಮೆಯಾಚೆ ಗೌರವ, ಈಚೆ ಒಂದು ಗೆರೆ. ಮೈಸೂರಿನಿಂದ ಬಂದ ಹುಡುಗನಿಗೆ ಇದು ಅನ್ಯಾಯವಾಗಿ ಕಂಡಿತು. ಇಂದಿಗೂ ಹಾಗೆಯೇ ಕಾಣುತ್ತದೆ.

ಮೈಸೂರಿನ ಶಾಲೆಯಲ್ಲಿ ಅವನು ಆಡಿದ್ದು ಬುಕ್ ಕ್ರಿಕೆಟ್. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದಾಗ ಪಠ್ಯಪುಸ್ತಕವನ್ನು ಫಟ್ಟನೆ ತೆರೆಯುವುದು. ಎಡಪುಟದ ಸಂಖ್ಯೆಯ ಕೊನೆಯ ಅಂಕಿಯೇ ರನ್, ಸೊನ್ನೆ ಬಂದರೆ ಔಟ್. ಹುಡುಗರೆಲ್ಲ ಭಾರತ ತಂಡದ ಹನ್ನೊಂದು ಹೆಸರನ್ನು ನೋಟ್‌ಬುಕ್ಕಿನ ಹಿಂದೆ ಬರೆದುಕೊಳ್ಳುತ್ತಿದ್ದರು. ಆದರೆ ಪುಸ್ತಕಕ್ಕೆ ಯಾರ ಪರಿಚಯವೂ ಇಲ್ಲ. 91 ಟೆಸ್ಟ್‌ಗಳಲ್ಲಿ 6,080 ರನ್ ಮಾಡಿದ ಜಿ.ಆರ್. ವಿಶ್ವನಾಥ್ ಅವರಿಗೂ, 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಕಿತ್ತು ಕೇವಲ 167 ರನ್ ಮಾಡಿದ ಬಿ.ಎಸ್. ಚಂದ್ರಶೇಖರ್ ಅವರಿಗೂ ಅಲ್ಲಿ ಒಂದೇ ಅದೃಷ್ಟ. ಚಂದ್ರ ಶತಕ ಬಾರಿಸಿದ ಮಧ್ಯಾಹ್ನಗಳೂ ಇದ್ದವು. ತರಗತಿ ಕೇಕೆ ಹಾಕುತ್ತಿತ್ತು, ಆದರೆ ಆ ಶತಕ ಚಂದ್ರ ಅವರದಾಗಿರಲಿಲ್ಲ. ಹೆಸರನ್ನು ಅಳಿಸಿ ಇನ್ನೊಂದು ಬರೆದಿದ್ದರೂ ಅಷ್ಟೇ ರನ್ ಬರುತ್ತಿತ್ತು. ಸ್ಟ್ರ್ಯಾಟ್-ಓ-ಮ್ಯಾಟಿಕ್ ಕಾರ್ಡನ್ನು ಕೈಗೆತ್ತಿಕೊಂಡಾಗ ಅವನನ್ನು ಮೊದಲು ತಟ್ಟಿದ್ದು ಈ ವ್ಯತ್ಯಾಸವೇ. ಇಲ್ಲಿ ದುರ್ಬಲ ಬ್ಯಾಟರ್ ದುರ್ಬಲನಾಗಿಯೇ ಬರುತ್ತಾನೆ. ಅವನ ವರ್ಷದ ಲೆಕ್ಕವನ್ನೆಲ್ಲ ತಿಳಿದ ಯಾರೋ ಕೂತು ಆ ಕಾರ್ಡು ಬರೆದಿರುತ್ತಾರೆ.

ಹಾಗೆ ಕೂತವರಲ್ಲಿ ಮುಖ್ಯನಾದವನು ಸ್ಟ್ರ್ಯಾಟ್-ಓ-ಮ್ಯಾಟಿಕ್ ರೂಪಿಸಿದ ಹ್ಯಾಲ್ ರಿಚ್‌ಮನ್. ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನ ಗ್ರೇಟ್ ನೆಕ್ ಊರಿನ ಹುಡುಗ. 1948ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ದಾಳ ಉರುಳಿಸಿ ಸಾಧ್ಯತೆಗಳನ್ನು ಬರೆದುಕೊಳ್ಳಲು ಶುರುಮಾಡಿದ. ಪೆನ್ಸಿಲ್ವೇನಿಯಾದ ಬಕ್‌ನೆಲ್ ವಿಶ್ವವಿದ್ಯಾಲಯದಲ್ಲಿ ಓದಿ, 1961ರಲ್ಲಿ ಮೊದಲ ಕಾರ್ಡುಗಳನ್ನು ಮಾರುಕಟ್ಟೆಗೆ ತಂದ. ಮೊದಮೊದಲು ಬರೀ ನಷ್ಟ. ತಂದೆಯಿಂದ 5,000 ಡಾಲರ್ ಸಾಲ ಕೇಳಿದ. ಆಟ ನಡೆಯದಿದ್ದರೆ ಅವರ ವಿಮೆ ವ್ಯವಹಾರಕ್ಕೆ ಸೇರಬೇಕು ಎಂಬ ಕರಾರಿನ ಮೇಲೆ ಹಣ ಸಿಕ್ಕಿತು. ಆಟ ನಡೆಯಿತು. 1972ರಲ್ಲಿ ಎಡಗೈ, ಬಲಗೈ ಪಿಚರ್‌ಗಳ ಎದುರು ಬ್ಯಾಟರ್ ಬೇರೆಬೇರೆಯಾಗಿ ಆಡುವ ಮುಂದುವರಿದ ಆವೃತ್ತಿಯೂ ಬಂತು.

ರಿಚ್‌ಮನ್‌ಗಿಂತ ಹತ್ತು ವರ್ಷ ಮೊದಲೇ, 1951ರಲ್ಲಿ, ಅದೇ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಜೆ. ರಿಚರ್ಡ್ ಸೈಟ್ಜ್ ಆಪ್‌ಬಾ ಎಂಬ ಆಟವನ್ನು ಅಂಚೆಯ ಮೂಲಕ ಮಾರಲು ತೊಡಗಿದ್ದ. ಅದಕ್ಕೂ ಹಿಂದೆ, 1941ರಲ್ಲಿ, ಮೇಜರ್ ಲೀಗ್‌ನಲ್ಲಿ ಆಡಿದ್ದ ಈಥನ್ ಆಲೆನ್ ರೂಪಿಸಿದ ಆಲ್-ಸ್ಟಾರ್ ಬೇಸ್‌ಬಾಲ್ ಬಂದಿತ್ತು. ಅದರಲ್ಲಿ ದಾಳವಿಲ್ಲ. ಒಬ್ಬೊಬ್ಬ ಆಟಗಾರನಿಗೂ ಒಂದು ದುಂಡು ಬಿಲ್ಲೆ, ಅದರ ಮೇಲೆ ತಿರುಗುವ ಮುಳ್ಳು. ಹೆಸರೇ ಹೇಳುವಂತೆ ಅದು ತಾರೆಯರ ಆಟ. ಬೆಂಚಿನ ಮನುಷ್ಯನಿಗೆ ಮೇಜಿನ ಮೇಲೆ ಜಾಗ ಸಿಕ್ಕಿದ್ದು ತಂಡಕ್ಕೆ ತಂಡವನ್ನೇ ಕಾರ್ಡಿಗಿಳಿಸಿದ ಸೈಟ್ಜ್ ಮತ್ತು ರಿಚ್‌ಮನ್ ಅವರಿಂದ.

ರಿಚ್‌ಮನ್ ಆಟದ ಕ್ರಮ ಸರಳ. ಮೂರು ದಾಳಗಳಲ್ಲಿ ಒಂದರ ಬಣ್ಣ ಬೇರೆ. ಅದರಲ್ಲಿ 1, 2, 3 ಬಿದ್ದರೆ ಬ್ಯಾಟರ್‌ನ ಕಾರ್ಡಿನ ಆ ಕಾಲಂ ನೋಡಬೇಕು. 4, 5, 6 ಬಿದ್ದರೆ ಪಿಚರ್‌ನ ಕಾರ್ಡು. ಉಳಿದೆರಡು ದಾಳಗಳ ಮೊತ್ತ ಆ ಕಾಲಂನ ಯಾವ ಸಾಲು ಎಂದು ಹೇಳುತ್ತದೆ. 7 ಬೀಳಲು 36ರಲ್ಲಿ ಆರು ದಾರಿ, 2 ಅಥವಾ 12 ಬೀಳಲು ಒಂದೊಂದೇ. ಕೆಲವು ಸಾಲುಗಳಲ್ಲಿ ಫಲಿತಾಂಶ ಒಡೆದಿರುತ್ತದೆ; ಆಗ 1ರಿಂದ 20ರವರೆಗಿನ ಚೀಟಿ-ಕಾರ್ಡು ಎತ್ತಬೇಕು. ಆ ಚೀಟಿಗಳ ಜಾಗಕ್ಕೆ ಆಮೇಲೆ ಇಪ್ಪತ್ತು ಮುಖದ ದಾಳ ಬಂತು. ಒಂದು ಪಂದ್ಯಕ್ಕೆ ಅರ್ಧ ಗಂಟೆ ಸಾಕು.

ಇದರಲ್ಲಿ ಅಡಗಿದ್ದ ಒಂದು ಲೆಕ್ಕ ಅವನಿಗೆ ಕೆಲವು ವಾರಗಳ ನಂತರ ಹೊಳೆಯಿತು. ಎಂಜಿನಿಯರಿಂಗ್ ಓದಿದ ತಲೆ ಇಂಥದ್ದನ್ನು ಬಿಡುವುದಿಲ್ಲ. ಅರ್ಧ ಉರುಳುಗಳಲ್ಲಿ ಬ್ಯಾಟ್ ಹಿಡಿದವನು ಯಾರೆಂಬುದನ್ನು ಆಟ ನೋಡುವುದೇ ಇಲ್ಲ. ಎದುರಾಳಿ ಪಿಚರ್‌ನ ಕಾರ್ಡು ಹೇಳಿದ್ದೇ ಆಗುತ್ತದೆ. ಅಲ್ಲಿ ಬ್ರೆಟ್ಟೂ ಒಂದೇ, ಮೆಂಡೋಜಾನೂ ಒಂದೇ. ಹಾಗಾದರೆ ಮೆಂಡೋಜಾ ವರ್ಷದ ಕೊನೆಗೆ .198ಕ್ಕೇ ಬಂದು ನಿಲ್ಲುವುದು ಹೇಗೆ? 1979ರಲ್ಲಿ ಅಮೆರಿಕನ್ ಲೀಗಿನ ಒಟ್ಟು ಸರಾಸರಿ .270. ಪಿಚರ್‌ಗಳ ಕಾರ್ಡುಗಳಿಂದ ಅವನಿಗೆ ಸಿಗುವುದೂ ಸ್ಥೂಲವಾಗಿ ಅಷ್ಟೇ. ಎರಡೂ ಅರ್ಧ ಸೇರಿ .198 ಆಗಬೇಕಾದರೆ ಅವನ ಸ್ವಂತ ಕಾರ್ಡಿನ ಸರಾಸರಿ .126ರ ಹತ್ತಿರ ಇರಬೇಕು. ಅಂದರೆ ಕಾರ್ಡಿನ ಮೇಲಿನ ಮೆಂಡೋಜಾ ನಿಜವಾದ ಮೆಂಡೋಜಾಗಿಂತ ಎಷ್ಟೋ ಬಡವ. ಕಾರ್ಡು ನೋಡಿ ಅಯ್ಯೋ ಎನ್ನುವವರು ಮನುಷ್ಯನ ಅರ್ಧವನ್ನು ಮಾತ್ರ ನೋಡಿರುತ್ತಾರೆ. ಉಳಿದರ್ಧ ಎದುರು ತಂಡದವನ ಕೈಯಲ್ಲಿರುತ್ತದೆ.

ಈ ಲೆಕ್ಕವನ್ನು ಗೆಳೆಯನ ಬಳಿಯಿದ್ದ ಹಳೆಯ ಕಾರ್ಡುಗಳಿಗೂ ಹಾಕಿದ. ಡೆಟ್ರಾಯಿಟ್ ಟೈಗರ್ಸ್ ತಂಡದ ಶಾರ್ಟ್‌ಸ್ಟಾಪ್ ರೇ ಓಯ್ಲರ್ 1968ರಲ್ಲಿ 111 ಪಂದ್ಯಗಳಲ್ಲಿ ಕಾಣಿಸಿಕೊಂಡು ಹೊಡೆದದ್ದು .135. ಆ ವರ್ಷ ಪಿಚರ್‌ಗಳದ್ದೇ ಕಾರುಬಾರು, ಅಮೆರಿಕನ್ ಲೀಗಿನ ಸರಾಸರಿ .230ಕ್ಕೆ ಇಳಿದಿತ್ತು. ಅದೇ ಸೂತ್ರ ಹಾಕಿದರೆ ಓಯ್ಲರ್‌ನ ಪಾಲಿಗೆ ಉಳಿಯುವುದು .040. ನೂರು ಬಾರಿ ಅವನ ಕಾರ್ಡು ನೋಡಿದರೆ ನಾಲ್ಕು ಹಿಟ್! ಅಷ್ಟು ಬರಿದಾದ ಕಾರ್ಡನ್ನು ಮ್ಯಾನೇಜರ್ ಆಗಿ ಕೂತವನು ಯಾಕಾದರೂ ಮೇಜಿಗೆ ತರಬೇಕು? ಟೈಗರ್ಸ್ ಆ ವರ್ಷ 103 ಪಂದ್ಯ ಗೆದ್ದಿದ್ದರು ಎಂಬುದನ್ನು ನೆನೆದಾಗ ಪ್ರಶ್ನೆ ಇನ್ನಷ್ಟು ತೂಕದ್ದಾಗುತ್ತದೆ.

ಉತ್ತರ ಇದ್ದದ್ದು ಪಿಚರ್‌ನ ಕಾರ್ಡಿನಲ್ಲಿಯೇ. ಮುಂದುವರಿದ ಆವೃತ್ತಿಯಲ್ಲಿ ಪಿಚರ್ ಕಾರ್ಡಿನ ಮೂರು ಕಾಲಂಗಳಿಗೆ ಒಟ್ಟು 108 ಸಾಧ್ಯತೆ. ಅವುಗಳಲ್ಲಿ 30ರ ಮುಂದೆ ಎಕ್ಸ್ ಎಂಬ ಗುರುತು. ಎಕ್ಸ್ ಬಿದ್ದರೆ ಬ್ಯಾಟರ್‌ನ ಅದೃಷ್ಟವೂ ಪಿಚರ್‌ನ ಅದೃಷ್ಟವೂ ಮುಗಿಯಿತು, ಚೆಂಡು ಫೀಲ್ಡರ್‌ನತ್ತ ಹೋಗಿದೆ ಎಂದರ್ಥ. ಆಗ ಇಪ್ಪತ್ತರವರೆಗಿನ ಇನ್ನೊಂದು ಸಂಖ್ಯೆ ತೆಗೆದು ಫೀಲ್ಡಿಂಗ್ ಪಟ್ಟಿ ನೋಡಬೇಕು. ಆ 30ರಲ್ಲಿ ಶಾರ್ಟ್‌ಸ್ಟಾಪ್ ಪಾಲು 7, ಸೆಕೆಂಡ್ ಬೇಸ್ ಪಾಲು 6. ಸೆಂಟರ್ ಫೀಲ್ಡ್, ಥರ್ಡ್ ಬೇಸ್, ಕ್ಯಾಚರ್‌ಗೆ ಮೂರು ಮೂರು, ಉಳಿದವರಿಗೆ ಎರಡೆರಡು. ಫೀಲ್ಡಿಂಗಿನ ಅಂಕಿ 1 ಆದರೆ ಅತ್ಯುತ್ತಮ, ಅಂಕಿ ಏರಿದಂತೆ ಕೈ ಸಡಿಲ. 1 ಅಂಕಿಯ ಶಾರ್ಟ್‌ಸ್ಟಾಪ್ ಬಳಿ ಬಂದ ಚೆಂಡು ಹೆಚ್ಚುಕಡಿಮೆ ಔಟ್. ಅದೇ ಚೆಂಡು 4ರವನ ಬಳಿ ಹೋದರೆ ಹಲವು ಸಲ ಸಿಂಗಲ್.

ಎರಡೂ ಕಾರ್ಡು ಸೇರಿ 216 ಸಾಧ್ಯತೆಗಳಲ್ಲಿ 7. ಪಂದ್ಯವೊಂದಕ್ಕೆ ಎದುರಾಳಿಗಳ ಸುಮಾರು 38 ಬ್ಯಾಟಿಂಗ್ ಸರದಿ ಎಂದಿಟ್ಟುಕೊಂಡರೆ ಶಾರ್ಟ್‌ಸ್ಟಾಪ್‌ನತ್ತ ಎಕ್ಸ್ ಬರುವುದು ಪಂದ್ಯಕ್ಕೆ ಒಂದು ಸಲಕ್ಕಿಂತ ತುಸು ಹೆಚ್ಚು, 162 ಪಂದ್ಯಗಳ ವರ್ಷಕ್ಕೆ ಸುಮಾರು 200 ಸಲ. ಈ ಇನ್ನೂರು ಚೆಂಡುಗಳ ಮೇಲೆ ಓಯ್ಲರ್‌ನಂಥವರ ಬದುಕು ನಿಂತಿತ್ತು. ಪತ್ರಿಕೆಯ ಸ್ಕೋರ್ ಪಟ್ಟಿಯಲ್ಲಿ ಅವುಗಳಿಗೆ ಹೆಸರಿಲ್ಲ. ಹಿಟ್ ಆದರೆ ಹೊಡೆದವನ ಲೆಕ್ಕ, ಔಟ್ ಆದರೆ ಪಿಚರ್‌ನ ಯಶಸ್ಸು. ತಡೆದವನಿಗೆ ಸಿಗುವುದು ಸಣ್ಣ ಅಕ್ಷರದ ಒಂದು ಅಸಿಸ್ಟ್. ಆದರೆ ಅಡುಗೆಮನೆಯ ಮೇಜಿನ ಮೇಲೆ ಆ ಚೆಂಡು ಹೋಗುವುದು ಯಾರ ಕಡೆ ಎಂದು ಇಬ್ಬರೂ ಕುರ್ಚಿಯ ಅಂಚಿಗೆ ಬಂದು ಕೂರುತ್ತಿದ್ದರು. ಅವನು ಮೆಂಡೋಜಾನ ಕಾರ್ಡನ್ನು ಮೊದಲ ಸಲ ಅಕ್ಕರೆಯಿಂದ ನೋಡಿದ್ದು ಅಂಥದೊಂದು ಗಳಿಗೆಯಲ್ಲಿ.

ಆಪ್‌ಬಾದ ದಾರಿ ಬೇರೆ. ಅಲ್ಲಿ ಕೆಂಪು ದೊಡ್ಡ ದಾಳ, ಬಿಳಿ ಸಣ್ಣ ದಾಳ. ಎರಡನ್ನೂ ಕೂಡಿಸದೆ 11ರಿಂದ 66ರವರೆಗೆ ಎರಡಂಕಿಯಾಗಿ ಓದುತ್ತಾರೆ. 66 ಬಿತ್ತೆಂದರೆ ಆ ಆಟಗಾರನ ಕಾರ್ಡಿನಲ್ಲಿರುವ ಅತ್ಯುತ್ತಮ ಫಲ. ಬಲಿಷ್ಠರಿಗೆ ಅದು ಹೋಮ್‌ರನ್, ಬೆಂಚಿನವರಿಗೆ ಅದಕ್ಕಿಂತ ಚಿಕ್ಕದು. ಆದರೆ ಆ ಆಟದ ಸೊಗಸು ಇರುವುದು ಫೀಲ್ಡಿಂಗ್ ಲೆಕ್ಕದಲ್ಲಿ. ಒಂಬತ್ತೂ ಮಂದಿಯ ಫೀಲ್ಡಿಂಗ್ ಅಂಕಿಗಳನ್ನು ಕೂಡಿಸಬೇಕು. ಮೊತ್ತ 41 ಅಥವಾ ಹೆಚ್ಚಾದರೆ ತಂಡ ಮೊದಲ ದರ್ಜೆ, 36ರಿಂದ 40 ಎರಡನೆಯದು, 35 ಮತ್ತು ಕೆಳಗೆ ಮೂರನೆಯದು. ದರ್ಜೆ ಬದಲಾದರೆ ಕೆಲವು ಉರುಳುಗಳ ಫಲಿತಾಂಶವೇ ಬದಲಾಗುತ್ತದೆ. ಶಾರ್ಟ್‌ಸ್ಟಾಪ್‌ಗೆ ಗರಿಷ್ಠ ಅಂಕಿ 10. ತಂಡದ ಮೊತ್ತ 39ರಲ್ಲಿ ನಿಂತಿದೆ, ಎಂಟನೆಯ ಇನಿಂಗ್ಸ್, ಒಂದು ರನ್ ಮುನ್ನಡೆ. ಬ್ಯಾಟಿನಲ್ಲಿ ಗಟ್ಟಿಯಾದ 8ರ ಶಾರ್ಟ್‌ಸ್ಟಾಪ್‌ನನ್ನು ಕೂರಿಸಿ, ಬೆಂಚಿನಿಂದ .210 ಹೊಡೆಯುವ 10ರವನನ್ನು ಕರೆದರೆ ಮೊತ್ತ 41. ಒಬ್ಬ ಬಂದು ನಿಂತದ್ದಕ್ಕೆ ಒಂಬತ್ತು ಮಂದಿಯೂ ಮೇಲಿನ ದರ್ಜೆಗೆ ಏರುತ್ತಾರೆ! ಬೇಸ್‌ಬಾಲಿನ ಯಾವ ಅಂಕಿಅಂಶದ ಪುಸ್ತಕದಲ್ಲೂ ಕಾಣದ ಗೌರವ ಇದು, ಮತ್ತು ಸೈಟ್ಜ್ ಮಾಡಿದ ಅತ್ಯಂತ ಜಾಣ ಕೆಲಸ ಎಂದೇ ಅವನ ಅಭಿಪ್ರಾಯ.

ನಿಜದ ಮ್ಯಾನೇಜರ್‌ಗಳೂ ಇದೇ ತೂಗುವಿಕೆಯಲ್ಲಿ ಬದುಕಿದವರು. ಬಾಲ್ಟಿಮೋರ್ ಓರಿಯೋಲ್ಸ್‌ನ ಮಾರ್ಕ್ ಬೆಲಾಂಜರ್ 18 ವರ್ಷ ಆಡಿ .228 ಸರಾಸರಿಯಲ್ಲಿ ಮುಗಿಸಿದ. ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯನ್ನು ಎಂಟು ಸಲ ಪಡೆದ. ಅವನ ಕೈ ಬೇಕು, ಬ್ಯಾಟು ಬೇಡ. ಮ್ಯಾನೇಜರ್ ಅರ್ಲ್ ವೀವರ್ 1975ರ ಸೆಪ್ಟೆಂಬರ್‌ನಲ್ಲಿ ಪರ ಊರಿನ ಪಂದ್ಯಗಳಿಗೆ ಒಂದು ಉಪಾಯ ಹೂಡಿದ. ರಾಯಲ್ ಸ್ಟಿಲ್‌ಮನ್ ಎಂಬ ಹೊಡೆತಗಾರನನ್ನು ಶಾರ್ಟ್‌ಸ್ಟಾಪ್ ಎಂದು ಬರೆದು ಮೊದಲನೆಯವನಾಗಿ ಬ್ಯಾಟಿಂಗಿಗೆ ಕಳಿಸಿದ. ಪರ ಊರಿನಲ್ಲಿ ಆಡುವ ತಂಡಕ್ಕೇ ಮೊದಲು ಬ್ಯಾಟಿಂಗ್. ಸ್ಟಿಲ್‌ಮನ್ ಒಂದು ಸಲ ಬ್ಯಾಟ್ ಮಾಡಿ ಕೂತ, ಫೀಲ್ಡಿಂಗ್‌ಗೆ ಬೆಲಾಂಜರ್ ಬಂದ. ಇದನ್ನು ಕೇಳಿದ ದಿನದಿಂದ ಗೆಳೆಯರಿಬ್ಬರೂ ಮೇಜಿನ ಮೇಲೆ ಅದೇ ಪ್ರಯೋಗಕ್ಕೆ ಇಳಿದರು. ಆಗ ಗೊತ್ತಾದದ್ದು, ಅದಕ್ಕೆ ತೆರಬೇಕಾದ ಬೆಲೆ: ಬೆಂಚಿನ ಒಬ್ಬ ಮೊದಲ ಇನಿಂಗ್ಸ್‌ನಲ್ಲೇ ಖರ್ಚಾಗುತ್ತಾನೆ.

ಬೆಂಚು ಎಷ್ಟು ಬೇಗ ಬರಿದಾಗುತ್ತದೆ ಎನ್ನುವುದು ಕಾರ್ಡುಗಳನ್ನು ಆಡಿದವರಿಗೇ ಗೊತ್ತು. ಆಗ ತಂಡಕ್ಕೆ 25 ಮಂದಿ. ಹತ್ತು ಪಿಚರ್‌ಗಳು, ಎಂಟು ಖಾಯಂ ಆಟಗಾರರು, ಒಬ್ಬನೋ ಇಬ್ಬರೋ ಬದಲಿ ಕ್ಯಾಚರ್‌ಗಳನ್ನು ಕಳೆದರೆ ಉಳಿಯುವವರು ಐದಾರು ಜನ. ಬ್ಯಾಟರ್ ಕಾರ್ಡಿನಲ್ಲಿ ಗಾಯದ ಸಾಲು ಬೇರೆ ಇರುತ್ತದೆ. ಅದು ಬಿದ್ದರೆ ಖಾಯಂ ಆಟಗಾರ ಹೊರಗೆ. ನ್ಯಾಷನಲ್ ಲೀಗಿನಲ್ಲಿ ಆಗ ಪಿಚರ್ ಕೂಡ ಬ್ಯಾಟ್ ಹಿಡಿಯಬೇಕಿತ್ತು. ಅವನ ಬದಲಿಗೆ ಇನ್ನೊಬ್ಬನನ್ನು ಕಳಿಸಿದಾಗಲೆಲ್ಲ ಬೆಂಚಿನಿಂದ ಒಂದು ಕಾರ್ಡು ಕಡಿಮೆ. ಹತ್ತನೆಯ, ಹನ್ನೊಂದನೆಯ ಇನಿಂಗ್ಸ್ ಹೊತ್ತಿಗೆ ಉಳಿಯುವವನು ಒಬ್ಬನೇ. ಅವನಿಗೆ ಸೆಕೆಂಡ್ ಬೇಸ್, ಥರ್ಡ್ ಬೇಸ್, ಶಾರ್ಟ್‌ಸ್ಟಾಪ್ ಮೂರರಲ್ಲೂ ಅಂಕಿ ಇದ್ದರೆ ಪಂದ್ಯ ಉಳಿಯುತ್ತದೆ. ಒಂದರಲ್ಲಿ ಮಾತ್ರ ಇದ್ದರೆ ಅಪರಿಚಿತ ಜಾಗದಲ್ಲಿ ಯಾರನ್ನೋ ನಿಲ್ಲಿಸಬೇಕಾಗುತ್ತದೆ. ಯುಟಿಲಿಟಿ ಆಟಗಾರ ಎಂಬುವನ ಅರ್ಥ ಆಗ ತಿಳಿಯುತ್ತದೆ. ಕಾರ್ಡಿನ ತಲೆಯ ಮೇಲೆ ಬಂಟಿಂಗ್ ಎ ಎಂದೂ ಇದ್ದುಬಿಟ್ಟರೆ ಅವನು ಚಿನ್ನ. ಚೆಂಡನ್ನು ಮೆಲ್ಲಗೆ ನೆಲಕ್ಕೆ ತಟ್ಟಿ ತಾನು ಔಟಾಗಿ ಬೇರೊಬ್ಬನನ್ನು ಮುಂದಿನ ಬೇಸ್‌ಗೆ ದಾಟಿಸುವ ಆ ವಿದ್ಯೆಯಲ್ಲಿ ಇಂಥವರೇ ಪಳಗಿದವರು.

ಈ ಬಗೆಯ ಆಟಗಾರನ ಅತಿ ದೂರದ ತುದಿಯನ್ನು ಅವನು ಕಂಡದ್ದು ಕೆಲವು ವರ್ಷಗಳ ನಂತರ, 1988ರ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದಲ್ಲಿ. ಹೊಸೆ ಒಕೆಂಡೋ ಆ ಒಂದೇ ವರ್ಷದಲ್ಲಿ ಒಂಬತ್ತೂ ಸ್ಥಾನಗಳಲ್ಲಿ ಆಡಿದ. ಮೇ ತಿಂಗಳಲ್ಲಿ ಅಟ್ಲಾಂಟಾ ವಿರುದ್ಧದ ಪಂದ್ಯ 19 ಇನಿಂಗ್ಸ್‌ಗೆ ಹಿಗ್ಗಿದಾಗ ಪಿಚರ್‌ಗಳು ಮುಗಿದರು. ಮ್ಯಾನೇಜರ್ ವೈಟಿ ಹರ್ಜಾಗ್ ಒಕೆಂಡೋನ ಕೈಗೆ ಚೆಂಡು ಕೊಟ್ಟ. ನಾಲ್ಕು ಇನಿಂಗ್ಸ್ ಎಸೆದ ಅವನು ಕೊನೆಗೆ ಸೋತ. ಸೋಲು ಅವನ ಹೆಸರಿಗೇ ಬರೆಯಲ್ಪಟ್ಟಿತು. ಒಕೆಂಡೋ ಆ ವರ್ಷ ಚೆನ್ನಾಗಿಯೇ ಬ್ಯಾಟ್ ಮಾಡಿದ್ದ, ಆದ್ದರಿಂದ ದುರ್ಬಲರ ಸಾಲಿಗೆ ಸೇರಿಸಲಾಗದು. ಆದರೂ ಬೆಂಚಿನ ಮನುಷ್ಯನ ಮೇಲೆ ಒಂದು ತಂಡ ಎಷ್ಟು ಭಾರ ಹಾಕಬಲ್ಲದು ಎಂಬುದಕ್ಕೆ ಆ ರಾತ್ರಿ ಸಾಕು.

1981ರ ಬೇಸಿಗೆ ಅವನ ನೆನಪಿನಲ್ಲಿ ಬೇರೆಯಾಗಿಯೇ ಉಳಿದಿದೆ. ಜೂನ್ 12ರಂದು ಮೇಜರ್ ಲೀಗ್ ಆಟಗಾರರು ಮುಷ್ಕರ ಹೂಡಿದರು. ಆ ವರ್ಷ 713 ಪಂದ್ಯಗಳು ನಡೆಯಲೇ ಇಲ್ಲ. ಆಲ್-ಸ್ಟಾರ್ ಪಂದ್ಯ ನಡೆಯಬೇಕಾಗಿದ್ದ ಜುಲೈ 14ರಂದು ಕ್ಲೀವ್‌ಲೆಂಡ್‌ನ ಖಾಲಿ ಕ್ರೀಡಾಂಗಣದಲ್ಲಿ ಮೇಜು ಹಾಕಿ ಸ್ಟ್ರ್ಯಾಟ್-ಓ-ಮ್ಯಾಟಿಕ್ ಕಾರ್ಡುಗಳಿಂದಲೇ ಆ ಪಂದ್ಯ ಆಡಿದರು. ಅದು ತಾರೆಯರ ಪಂದ್ಯ, ಅಲ್ಲಿ ಮೆಂಡೋಜಾಗೆ ಜಾಗವಿಲ್ಲ. ಆದರೆ ದೇಶದ ಅದೆಷ್ಟೋ ಮನೆಗಳಲ್ಲಿ ಆ ಬೇಸಿಗೆ ಇಡೀ ತಂಡಗಳು ಆಡಿದವು, ಮತ್ತು ತಂಡ ಆಡಿದರೆ ಬೆಂಚು ಆಡಲೇಬೇಕು. ಅವರ ಅಡುಗೆಮನೆಯಲ್ಲೂ ದಾಳ ನಿಲ್ಲಲಿಲ್ಲ.

ಆ ಬೇಸಿಗೆಯ ದೊಡ್ಡ ಜಗಳ 1968ರ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸರಣಿ, ಕುರಿತದ್ದು. ಟೈಗರ್ಸ್‌ನಲ್ಲಿ ಓಯ್ಲರ್‌ಗೆ ಬದಲಿಯಾಗಿದ್ದ ಡಿಕ್ ಟ್ರಸೆವ್‌ಸ್ಕಿ .156, ಟಾಮ್ ಮ್ಯಾಚಿಕ್ .203. ಮೂವರಲ್ಲಿ ಯಾರನ್ನು ಆರಿಸಿದರೂ ಬ್ಯಾಟಿಂಗ್ ಕ್ರಮದಲ್ಲೊಂದು ಹಳ್ಳ. ಇನ್ನೊಂದು ಕಡೆ, ಗಾಯದಿಂದ ಮರಳಿದ ಹಿರಿಯ ಆಲ್ ಕೇಲೈನ್‌ಗೆ ಔಟ್‌ಫೀಲ್ಡ್‌ನಲ್ಲಿ ಜಾಗ ಇರಲಿಲ್ಲ. ಮ್ಯಾನೇಜರ್ ಮೇಯೋ ಸ್ಮಿತ್ ಸೆಂಟರ್ ಫೀಲ್ಡರ್ ಮಿಕಿ ಸ್ಟ್ಯಾನ್ಲಿಯನ್ನು ತಂದು ಶಾರ್ಟ್‌ಸ್ಟಾಪ್‌ನಲ್ಲಿ ನಿಲ್ಲಿಸಿದ. ವರ್ಷದ ಕೊನೆಯ ಕೆಲವು ಪಂದ್ಯಗಳಲ್ಲಷ್ಟೇ ಅವನು ಅಲ್ಲಿ ಆಡಿದ್ದ. ಸ್ಟ್ಯಾನ್ಲಿ ಎರಡು ತಪ್ಪು ಮಾಡಿದ, ಆದರೆ ಅವುಗಳಿಂದ ಸೀರೀಸ್ ಕೆಡಲಿಲ್ಲ. 3-1ರಿಂದ ಹಿಂದಿದ್ದ ಟೈಗರ್ಸ್ ಏಳನೆಯ ಪಂದ್ಯದಲ್ಲಿ ಗೆದ್ದರು. ಕೊನೆಯ ಇನಿಂಗ್ಸ್‌ಗಳಲ್ಲಿ ಮುನ್ನಡೆ ಕಾಯಲು ಸ್ಮಿತ್ ಕರೆದದ್ದು ಯಾರನ್ನು? ಓಯ್ಲರ್‌ನನ್ನೇ.

ಗೆಳೆಯ ಸ್ಮಿತ್‌ನ ಪಕ್ಷ. ಕೇಲೈನ್‌ನಂಥವನು ಬೆಂಚಿನಲ್ಲಿ ಕೂತಿರುವಾಗ .135ರವನನ್ನು ಆಡಿಸುವುದು ಅವನ ಪ್ರಕಾರ ಪಾಪ. ಇವನದು ಬೇರೆ ಲೆಕ್ಕ. ಎದುರಿಗೆ ಸೇಂಟ್ ಲೂಯಿಸ್‌ನ ಪಿಚರ್ ಬಾಬ್ ಗಿಬ್ಸನ್. ಆ ವರ್ಷದ ಅವನ ಇ.ಆರ್.ಎ., ಅಂದರೆ ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ, 1.12. ಅವನೆದುರು ಕೇಲೈನ್ ಆದರೂ ಎಷ್ಟು ಹೊಡೆದಾನು? ಹಾಗಾದರೆ ರನ್ ತಡೆಯುವವನಿಗೇ ಬೆಲೆ ಎಂದು ವಾದಿಸಿದ. ಸೇಂಟ್ ಲೂಯಿಸ್ ಕಡೆಯೂ ಶಾರ್ಟ್‌ಸ್ಟಾಪ್‌ನಲ್ಲಿ ಇದೇ ಜಾತಿಯ ಡಾಲ್ ಮ್ಯಾಕ್ಸ್‌ವಿಲ್ ಇದ್ದ. ಆ ವರ್ಷದ ಗೋಲ್ಡ್ ಗ್ಲೋವ್ ಅವನಿಗೇ ಸಿಕ್ಕಿತ್ತು. ಸೀರೀಸ್‌ನಲ್ಲಿ ಮಾತ್ರ 22 ಬಾರಿ ಬ್ಯಾಟ್ ಹಿಡಿದು ಒಂದೂ ಹಿಟ್ ಇಲ್ಲ. ಸ್ಮಿತ್ ತನ್ನ ಶಾರ್ಟ್‌ಸ್ಟಾಪ್‌ನನ್ನು ಬದಲಾಯಿಸಿದ, ಎದುರಿನ ಮ್ಯಾನೇಜರ್ ಬದಲಾಯಿಸಲಿಲ್ಲ. ಇಬ್ಬರ ನಿರ್ಧಾರಕ್ಕೂ ಆಧಾರವಿದೆ. ಆ ಆಧಾರಗಳನ್ನು ಕೈಯಲ್ಲಿ ಹಿಡಿದು ನೋಡಲು ಈ ಕಾರ್ಡುಗಳಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ.

ಕಾರ್ಡಿಗೂ ಒಂದು ಎಲ್ಲೆ ಇದೆ. ಅದರ ಮೇಲಿನ ಪ್ರತಿ ಸಾಲು ಬರುವುದು ಲೀಗ್ ಪಂದ್ಯಗಳ ಲೆಕ್ಕದಿಂದ; ಅಕ್ಟೋಬರ್ ತಿಂಗಳ ವರ್ಲ್ಡ್ ಸೀರೀಸ್ ಅದಕ್ಕೆ ತಿಳಿಯದು. 1978ರಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ ವಿಲಿ ರ‍್ಯಾಂಡಾಲ್ಫ್ ಗಾಯಗೊಂಡಾಗ ಸೆಕೆಂಡ್ ಬೇಸ್‌ಗೆ ಬಂದ ಬ್ರಯಾನ್ ಡಾಯ್ಲ್ ಆ ವರ್ಷ ಲೀಗಿನಲ್ಲಿ ಹೊಡೆದದ್ದು .192. ಸೀರೀಸ್‌ನಲ್ಲಿ 16ಕ್ಕೆ 7 ಹಿಟ್, .438. ಇಂಥ ಅಕ್ಟೋಬರ್‌ಗಳನ್ನು ಮುಂಗಾಣುವ ಕಾರ್ಡು ಯಾರೂ ಬರೆಯಲಾರರು, ಬರೆಯಬೇಕಾಗಿಯೂ ಇಲ್ಲ.

ಇನ್ನೊಂದು ಮಿತಿಯನ್ನು ಸ್ಟ್ರ್ಯಾಟ್-ಓ-ಮ್ಯಾಟಿಕ್ ಕಂಪನಿ ತಾನೇ ತಿದ್ದಿಕೊಂಡಿತು. ಪಿಟ್ಸ್‌ಬರ್ಗ್, ಅಟ್ಲಾಂಟಾ ತಂಡಗಳಲ್ಲಿ ಆಡಿದ ರಫಾಯೆಲ್ ಬೆಲಿಯಾರ್ಡ್ 17 ವರ್ಷಗಳಲ್ಲಿ ಹೊಡೆದ ಹೋಮ್‌ರನ್‌ಗಳು ಎರಡೇ, ಒಂದು 1987ರಲ್ಲಿ, ಇನ್ನೊಂದು 1997ರಲ್ಲಿ. ಅವನ ಸ್ವಂತ ಕಾರ್ಡಿನಲ್ಲಿ ಹೋಮ್‌ರನ್ ಇಲ್ಲದಿದ್ದರೂ ಪಿಚರ್‌ನ ಕಾರ್ಡಿನಲ್ಲಿ ಇದ್ದೇ ಇರುತ್ತದೆ. ಅರ್ಧ ಉರುಳು ಅಲ್ಲಿಗೇ ಹೋಗುವುದರಿಂದ ಬೆಲಿಯಾರ್ಡ್ ಮೇಜಿನ ಮೇಲೆ ಹತ್ತು ವರ್ಷ ಕಾಯಬೇಕಾಗಿರಲಿಲ್ಲ. ಹೀಗಾಗಿ ಇಂಥ ಬ್ಯಾಟರ್‌ಗಳ ಕಾರ್ಡಿಗೆ ಡಬ್ಲ್ಯೂ ಅಕ್ಷರ ಸೇರಿತು. ಮೈದಾನದ ಅಳತೆಯನ್ನು ಅವಲಂಬಿಸಿದ ಹೋಮ್‌ರನ್ ಅಂಥವನಿಗೆ ಬಿದ್ದರೆ ಅದು ಸಿಂಗಲ್ ಅಷ್ಟೇ. ನ್ಯಾಯವಾದ ತಿದ್ದುಪಡಿ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಪಿಚರ್‌ನ ಕಾರ್ಡಿನ ಎದುರು ಎಲ್ಲರೂ ಸಮಾನರಾಗಿದ್ದ ಹಳೆಯ ನಿಯಮದ ಮೇಲೆ ಅವನಿಗೆ ಪ್ರೀತಿ ಹೆಚ್ಚು.

ಓದು ಮುಗಿದು ಇಬ್ಬರೂ ಬೇರೆ ಊರು ಸೇರುವ ಮುಂಚೆ ಆಡಿದ ಕೊನೆಯ ಸೀರೀಸ್ 1969ರದು. ಗೆಳೆಯನ ಕೈಯಲ್ಲಿ ಬಾಲ್ಟಿಮೋರ್ ಓರಿಯೋಲ್ಸ್, ಇವನ ಕೈಯಲ್ಲಿ ನ್ಯೂಯಾರ್ಕ್ ಮೆಟ್ಸ್. ಮೆಟ್ಸ್‌ನ ಬೆಂಚಿನ ಸೆಕೆಂಡ್ ಬೇಸ್‌ಮನ್ ಆಲ್ ವೈಸ್ ಆ ವರ್ಷ ಹೊಡೆದದ್ದು .215. ಆದರೂ ಆ ಅಕ್ಟೋಬರ್‌ನಲ್ಲಿ ಅವನು 11ಕ್ಕೆ 5 ಹಿಟ್ ಹೊಡೆದ. ಎರಡನೆಯ ಪಂದ್ಯದ ಒಂಬತ್ತನೆಯ ಇನಿಂಗ್ಸ್‌ನಲ್ಲಿ ಎಡಗೈ ಪಿಚರ್ ಡೇವ್ ಮೆಕ್‌ನ್ಯಾಲಿಯ ಎಸೆತಕ್ಕೆ ಸಿಂಗಲ್ ಹೊಡೆದು ಗೆಲುವಿನ ರನ್ ತಂದ. ಐದನೆಯ ಪಂದ್ಯದ ಏಳನೆಯ ಇನಿಂಗ್ಸ್‌ನಲ್ಲಿ, ಮೆಟ್ಸ್ 3-2ರಿಂದ ಹಿಂದಿದ್ದಾಗ, ಅದೇ ಮೆಕ್‌ನ್ಯಾಲಿಗೆ ಹೋಮ್‌ರನ್ ಬಾರಿಸಿ ಸಮ ಮಾಡಿದ. ಇಡೀ ವೃತ್ತಿಜೀವನದ ಲೀಗ್ ಪಂದ್ಯಗಳಲ್ಲಿ ಅವನ ಹೋಮ್‌ರನ್‌ಗಳು ಏಳು ಮಾತ್ರ. ಮೆಟ್ಸ್ 5-3ರಿಂದ ಆ ಪಂದ್ಯ ಗೆದ್ದು ಚಾಂಪಿಯನ್ ಆದರು.

ಮೇಜಿನ ಮೇಲೂ ಐದನೆಯ ಪಂದ್ಯ ಏಳನೆಯ ಇನಿಂಗ್ಸ್‌ವರೆಗೆ ಬಿಗಿಯಾಗಿಯೇ ಬಂತು. ವೈಸ್‌ನ ಸರದಿ. ಬೆಂಚಿನಲ್ಲಿ ಕೆನ್ ಬಾಸ್‌ವೆಲ್ ಇದ್ದ, ಅವನ ಸರಾಸರಿ .279. ಆದರೆ ಬಾಸ್‌ವೆಲ್ ಎಡಗೈ ಬ್ಯಾಟರ್, ಎಸೆಯುತ್ತಿರುವ ಮೆಕ್‌ನ್ಯಾಲಿಯೂ ಎಡಗೈ. ಮೆಟ್ಸ್ ಮ್ಯಾನೇಜರ್ ಗಿಲ್ ಹಾಜಸ್ ನಿಜ ಪಂದ್ಯದಲ್ಲಿ ವೈಸ್‌ನನ್ನು ಆಡಿಸಿದ್ದು ಅದೇ ಕಾರಣಕ್ಕೆ. ಗೆಳೆಯ ಹೇಳಿದ: ‘ನಡೆದದ್ದು ನೆನಪಿದೆ ಅಂತ ವೈಸ್‌ನ ಬಿಡಬೇಡ. ಕಾರ್ಡು ನೋಡು.’ ಇವನು ಕಾರ್ಡನ್ನೇ ನೋಡುತ್ತಿದ್ದ. ಸೆಕೆಂಡ್ ಬೇಸ್ ಒಂದೇ ಅಲ್ಲ, ಶಾರ್ಟ್‌ಸ್ಟಾಪ್‌ಗೂ ಅಂಕಿಯಿರುವ ಕಾರ್ಡು ಅದು. ಇನ್ನೂ ಎರಡು ಇನಿಂಗ್ಸ್ ಫೀಲ್ಡಿಂಗ್ ಬಾಕಿ ಇತ್ತು. ವೈಸ್ ಇರಲಿ ಎಂದ.

ದಾಳ ಪಿಚರ್‌ನ ಕಾರ್ಡಿಗೆ ಹೋಯಿತು, ಎಕ್ಸ್ ಬಿತ್ತು, ಶಾರ್ಟ್‌ಸ್ಟಾಪ್ ಕಡೆ. ಅಲ್ಲಿದ್ದವನು ಬೆಲಾಂಜರ್. ಔಟ್. ಗೆಳೆಯ ಮೇಜು ಕುಟ್ಟಿ ನಕ್ಕ, ಬಾಸ್‌ವೆಲ್‌ನ ಕಾರ್ಡನ್ನು ಎತ್ತಿ ತೋರಿಸಿದ. ಬಾಸ್‌ವೆಲ್ ಬ್ಯಾಟ್ ಹಿಡಿದಿದ್ದರೂ ಆ ಚೆಂಡು ಬೆಲಾಂಜರ್‌ಗೇ ಹೋಗುತ್ತಿತ್ತು ಎಂದು ಇವನು ವಾದ ಹೂಡಿದ. ಎಂಟನೆಯ ಇನಿಂಗ್ಸ್ ಶುರುವಾಗಲು ತಡವಾಯಿತು.